ಅತ್ತೆ, ಮೆಲ್ಲಣ್ಣ ಮತ್ತು ನಲವತ್ತು ನಿಮಿಷ

ಮೆಲ್ಲಣ್ಣನ ನಿಜವಾದ ಹೆಸರು ಅವನ ಹೆಂಡತಿಗೂ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತಿತ್ತು. ಮೂವತ್ತೊಂದು ವರ್ಷದಿಂದ ಅವನು ಊರಿನ ಶವವಾಹನದ ಡ್ರೈವರ್. ಆ ಉದ್ದನೆಯ ಕಪ್ಪು ವ್ಯಾನು ಅವನ ಕೈಯಲ್ಲಿ ಎಷ್ಟು ಮೆತ್ತಗೆ ಸಾಗುತ್ತಿತ್ತೆಂದರೆ, ಹಿಂದೆ ನಡೆದು ಬರುವ ಮುದುಕರಿಗೂ ಏದುಸಿರು ಬರುತ್ತಿರಲಿಲ್ಲ. ಈ ಕೆಲಸದ ಗುಟ್ಟು ಮುಂದಿನ ರಸ್ತೆಯಲ್ಲಿಲ್ಲ, ಕನ್ನಡಿಯಲ್ಲಿದೆ ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಹಿಂದೆ ಬರುವವರು ಕನ್ನಡಿಯಲ್ಲಿ ಚಿಕ್ಕದಾಗಿ ಕಂಡರೆ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಮೇಲೇಳಬೇಕು, ಅವರು ಬಂದು ಸೇರಿಕೊಂಡ ಮೇಲೆ ಮತ್ತೆ ಹೊರಡಬೇಕು. ಇಷ್ಟು ವರ್ಷದಲ್ಲಿ ಅವನ ಒಬ್ಬ ಪ್ರಯಾಣಿಕನೂ ದೂರು ಕೊಟ್ಟಿರಲಿಲ್ಲ.

ಇದು ಹೋಗುವಾಗಿನ ಕಥೆ. ಬರುವಾಗಿನದು ಬೇರೆ. ಅವನ ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವರ ಮನೆಯಲ್ಲಿ ಊಟ ಒಂದು ಗಂಟೆಗೆ. ಒಂದು ಗಂಟೆ ಎರಡು ನಿಮಿಷಕ್ಕೆ ಬಂದವರಿಗೆ ತೊಳೆದು ಬೋರಲು ಹಾಕಿದ ತಟ್ಟೆ ಕಾಣಿಸುತ್ತಿತ್ತು. ಹಾಗಾಗಿ ಮಧ್ಯಾಹ್ನದ ಹೊತ್ತು ಖಾಲಿ ವ್ಯಾನು ಸ್ಮಶಾನದ ಗೇಟು ದಾಟಿ ಹೊರಬಿದ್ದರೆ ಸೈಕಲ್ಲಿನವರು, ತಳ್ಳುಗಾಡಿಯವರು, ರಸ್ತೆ ಮಧ್ಯೆ ಮಲಗಿದ ನಾಯಿಗಳು ಎಲ್ಲರೂ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಪ್ರಯಾಣಿಕರಿದ್ದರೆ ಇರುವೆ, ಇಲ್ಲದಿದ್ದರೆ ಬಿರುಗಾಳಿ. ತಾನು ಹೀಗೆ ಎರಡು ಬಗೆಯಲ್ಲಿ ಓಡಿಸುತ್ತೇನೆಂಬುದು ಮೆಲ್ಲಣ್ಣನಿಗೆ ಮಾತ್ರ ಗೊತ್ತಿರಲಿಲ್ಲ. ಯಾರಾದರೂ ಹೇಳಿದರೆ ಅವನು ನಂಬುತ್ತಲೂ ಇರಲಿಲ್ಲ.

ಹೆಂಡತಿಯ ತಾಯಿ, ಅಂದರೆ ಅತ್ತೆ, ಅವರ ಜೊತೆಯಲ್ಲೇ ಇದ್ದರು. ವಯಸ್ಸು ಎಪ್ಪತ್ತೊಂಬತ್ತು ವರ್ಷ ಎಂಟು ತಿಂಗಳು. ಆಳು ಎಷ್ಟು ಚಿಕ್ಕವರೆಂದರೆ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಬಾಯಿ ಮಾತ್ರ ಮೂರು ಆಳಿನದು. ಮಾವ ಹೋಗುವಾಗ ಅವರ ಪಾಲಿಗೆ ಉಳಿಸಿಹೋದದ್ದು ಒಂದು ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಸೈಕಲ್ ಚಕ್ರದಂತೆ ಕಡ್ಡಿಗಳಿರುವ ನಾಲ್ಕು ಚಕ್ರ, ಉದ್ದನೆಯ ಬಾನೆಟ್ಟಿಗೆ ಅಡ್ಡಲಾಗಿ ಬಿಗಿದ ಚರ್ಮದ ಬೆಲ್ಟು. ಅತ್ತೆ ಹುಟ್ಟುವ ಮೊದಲೇ ಆ ಕಾರು ಹುಟ್ಟಿತ್ತು, ಹಾಗಾಗಿ ಮನೆಯಲ್ಲಿ ಅವರು ಬಹುವಚನದಲ್ಲಿ ಮಾತಾಡಿಸುತ್ತಿದ್ದದ್ದು ಅದೊಂದನ್ನೇ.

ಊರಾಚೆ ಪಾಳುಬಿದ್ದ ವಿಮಾನದ ಓಡುದಾರಿಯಿದೆ. ಅಲ್ಲಿ ವರ್ಷಕ್ಕೊಮ್ಮೆ ಹಳೆ ಕಾರುಗಳ ಸಂಘದವರು ರೇಸು ನಡೆಸುತ್ತಾರೆ. ಆರು ಸುತ್ತು, ನಲವತ್ತು ನಿಮಿಷ. ಅಷ್ಟರೊಳಗೆ ಸುಣ್ಣದಲ್ಲಿ ಎಳೆದ ಬಿಳಿ ಗೆರೆ ದಾಟದವರು ಲೆಕ್ಕಕ್ಕಿಲ್ಲ. ಅತ್ತೆ ಮತ್ತು ಮಾವ ಆ ರೇಸಿಗೆ ಮೂರು ಸಲ ಹೋಗಿದ್ದರು. ಮೊದಲ ಸಲ ಕೊನೆಯ ತಿರುವಿನಲ್ಲಿ ಮುಂದಿನ ಚಕ್ರವೊಂದು ಕಳಚಿಕೊಂಡು ಉರುಳುತ್ತಾ ಹೋಗಿ ಗೆರೆ ದಾಟಿತು, ಕಾರು ದಾಟಲಿಲ್ಲ. ಎರಡನೆಯ ಸಲ ಭಾರ ಕಡಿಮೆಯಾಗಲಿ ಎಂದು ಮಾವ ಟ್ಯಾಂಕಿನಿಂದ ಪೆಟ್ರೋಲು ಇಳಿಸಿದ್ದರು, ಸ್ವಲ್ಪ ಜಾಸ್ತಿಯೇ ಇಳಿಸಿದ್ದರು. ಮೂರನೆಯ ಸಲ ಕಾರು ಚೆನ್ನಾಗಿಯೇ ಇತ್ತು. ಗುಂಪಿನಲ್ಲಿ ಯಾರೋ ನಕ್ಕರೆಂದು ಮಾವ ಗೆರೆಗೆ ಐವತ್ತು ಹೆಜ್ಜೆ ಇರುವಾಗ ಗಾಡಿ ನಿಲ್ಲಿಸಿ ಜಗಳಕ್ಕಿಳಿದರು. ಆಮೇಲೆ ಅವರು ಹೊರಟಿದ್ದು ಮೆಲ್ಲಣ್ಣನ ವ್ಯಾನಿನಲ್ಲಿ. ಆ ಒಂದು ಸಲ ಮಾತ್ರ ಯಾವ ತೊಂದರೆಯೂ ಇಲ್ಲದೆ ತಲುಪಿದರು.

ಈ ವರ್ಷ ಸಂಘದವರು ಒಂದು ಸುತ್ತೋಲೆ ಕಳಿಸಿದರು. ಮುಂದಿನ ವರ್ಷದಿಂದ ಎಂಬತ್ತು ದಾಟಿದವರು ಪಕ್ಕದ ಸೀಟಿನಲ್ಲೂ ಕೂರುವಂತಿಲ್ಲ. ಅತ್ತೆ ಅದನ್ನು ಎರಡು ಸಲ ಓದಿ, ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕಿ ಅಳಿಯನ ಮುಂದೆ ಬಂದು ನಿಂತರು.

"ನೋಡು, ನಂಗೆ ಗೆಲ್ಲೋದು ಬೇಡ. ಬಹುಮಾನದ ಕಪ್ಪು ಗಿಪ್ಪು ಏನೂ ಬೇಡ. ಕೊನೇ ಸುತ್ತಲ್ಲಿ ಆ ಬಿಳಿ ಗೆರೆ ನಮ್ಮ ಕಾರಿನ ಕೆಳಗೆ ಹೋಗೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು. ಮೂರು ಸಲ ಅದರ ಹತ್ರ ಹೋಗಿ ವಾಪಸ್ ಬಂದಿದೀನಿ. ಇದೇ ಕೊನೆ."

"ಅತ್ತೆ, ನಾನು ರೇಸು…"

"ಲೈಸೆನ್ಸ್ ಇದ್ಯಲ್ಲ? ಸಾಕು."

ಮೆಲ್ಲಣ್ಣ ಬೇಡ ಎನ್ನಲಾರದ ಮನುಷ್ಯ. ಅವನ ವೃತ್ತಿಯಲ್ಲಿ ಬೇಡ ಎನ್ನುವ ಸಂದರ್ಭವೇ ಬರುವುದಿಲ್ಲ. ಮಾರನೆಯ ಬೆಳಿಗ್ಗೆಯೇ ಕೆಂಪು ಕಾರನ್ನು ತಳ್ಳಿಕೊಂಡು ಬಂದು ಶವವಾಹನದ ಶೆಡ್ಡಿನಲ್ಲಿ, ಕಪ್ಪು ವ್ಯಾನಿನ ಪಕ್ಕದಲ್ಲಿ ನಿಲ್ಲಿಸಿದರು. ಮೂರು ತಿಂಗಳು ಕೆಲಸ ನಡೆಯಿತು.

ಅತ್ತೆ ಸ್ಟೂಲಿನ ಮೇಲೆ ಕೂತು ಊರುಗೋಲಿನಿಂದ ತೋರಿಸುವುದು, ಅಳಿಯ ಕೆಳಗೆ ಮಲಗಿ ಮಾಡುವುದು, ಇದು ಅವರ ಪದ್ಧತಿ. ಕಾರ್ಬುರೇಟರ್ ಬಿಚ್ಚಿ ಅದರ ಸಣ್ಣ ಹಿತ್ತಾಳೆ ತುಂಡುಗಳನ್ನು ಊಟದ ತಟ್ಟೆಯಲ್ಲಿ ಹರಡಿಕೊಂಡು ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದರು. ಸ್ಪಾರ್ಕ್ ಪ್ಲಗ್ಗುಗಳ ಕರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಬ್ರೇಕಿನ ಪಟ್ಟಿ ಸವೆದು ಕಾಗದವಾಗಿತ್ತು, ಹೊಸದು ಕೂಡಿಸಿದರು. ಚಕ್ರದ ನಟ್ಟುಗಳನ್ನು ಅತ್ತೆ ದಿನಕ್ಕೆ ಎರಡು ಸಲ ತಾವೇ ಸ್ಪ್ಯಾನರ್ ಹಿಡಿದು ಪರೀಕ್ಷಿಸುತ್ತಿದ್ದರು. ಕೊನೆಗೆ ಹದಿನಾಲ್ಕನೇ ನಂಬರಿನ ಆ ಸ್ಪ್ಯಾನರನ್ನು ಎಲ್ಲೋ ಕಳೆದು, ಕಳೆದದ್ದು ಅಳಿಯನೇ ಎಂದು ವಾದಿಸಿದರು. ಎಂಜಿನ್ ಚಾಲೂ ಆದ ದಿನ ಅವರು ಬಾನೆಟ್ಟಿಗೆ ಕಿವಿಯಿಟ್ಟು ಹೇಳಿದರು:

"ಮೂರನೇ ಸಿಲಿಂಡರ್‌ಗೆ ಸಿಟ್ಟು ಬಂದಿದೆ."

"ನಂಗೆ ನಾಲ್ಕೂ ಒಂದೇ ಥರ ಕೇಳ್ತಿದೆ."

"ನಿನ್ನ ಗಿರಾಕಿಗಳು ಮಾತಾಡಲ್ಲ. ನಿಂಗೆ ಕಿವಿ ಎಲ್ಲಿಂದ ಬರತ್ತೆ?"

ನೋಡಿದರೆ ಮೂರನೆಯದರ ವೈರು ಸಡಿಲವಾಗಿತ್ತು. ಮೆಲ್ಲಣ್ಣ ಅದನ್ನು ಬಿಗಿದ. ಆಮೇಲೆ ತನಗೆ ನಿಜವಾಗಿ ಗೊತ್ತಿದ್ದ ಕೆಲಸಕ್ಕೆ ಕೈಹಾಕಿದ: ಶವವಾಹನಕ್ಕೆ ಹಚ್ಚುವ ಪಾಲಿಶ್ ತಂದು ಕಾರನ್ನು ಮೂರು ದಿನ ಉಜ್ಜಿದ. ಕಾರು ಹೊಳೆಯಿತೇನೋ ನಿಜ, ಆದರೆ ಆ ಹೊಳಪಿನಲ್ಲಿ ಎಂಥದೋ ಗಾಂಭೀರ್ಯವಿತ್ತು. ರಸ್ತೆಯಲ್ಲಿ ಹೋಗುವವರು ಕೆಂಪು ಕಾರನ್ನು ಕಂಡು ದನಿ ತಗ್ಗಿಸುತ್ತಿದ್ದರು.

ಮೊದಲ ಅಭ್ಯಾಸ ಇಟ್ಟಿಗೆ ಗೂಡಿನ ಪಕ್ಕದ ಖಾಲಿ ಮೈದಾನದಲ್ಲಿ ನಡೆಯಿತು. ಪಕ್ಕದಲ್ಲಿ ಅತ್ತೆ, ತಲೆಗೆ ಬಿಗಿಯಾಗಿ ಸ್ಕಾರ್ಫು, ಕಣ್ಣಿಗೆ ಮಾವನ ದೊಡ್ಡ ಕನ್ನಡಕ. ಮೆಲ್ಲಣ್ಣ ಗೇರು ಹಾಕಿದ. ಕಾರು ಹೊರಟಿತು. ಒಂದು ಕುರಿ ಅವರನ್ನು ಹಿಂದೆ ಹಾಕಿ ಹೋಯಿತು. ಅರ್ಧ ಮೈದಾನ ಆಗುವಷ್ಟರಲ್ಲಿ ಕಾರು ಪೂರ್ತಿ ನಿಂತಿತು.

"ಯಾಕೆ ನಿಲ್ಲಿಸ್ದೆ?"

"ಹಿಂದೆ ಯಾರೂ ಕಾಣ್ತಿಲ್ಲ ಅತ್ತೆ."

"ಯಾರು ಕಾಣ್ಬೇಕಿತ್ತು?"

ಮೆಲ್ಲಣ್ಣ ತಲೆ ಕೆರೆದುಕೊಂಡ. ಕಣ್ಣು ಕನ್ನಡಿಗೆ ಹೋಗಿತ್ತು, ಕನ್ನಡಿಯಲ್ಲಿ ಯಾರೂ ಇರಲಿಲ್ಲ, ಕಾಲು ಮೇಲೆದ್ದಿತ್ತು. ಅತ್ತೆ ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಕನ್ನಡಿಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು.

ಕನ್ನಡಿ ಹೋದದ್ದೇ ತಡ, ಮನುಷ್ಯ ಸುಧಾರಿಸಿದ. ಬಿರುಗಾಳಿ ಆಗಲಿಲ್ಲ, ಆದರೂ ಕುರಿಯನ್ನು ಹಿಂದೆ ಹಾಕಿದ. ಎರಡು ವಾರದಲ್ಲಿ ಸ್ಪೀಡಿನ ಮುಳ್ಳು ನಲವತ್ತನ್ನು ಮುಟ್ಟಿತು. ಅವತ್ತು ಅತ್ತೆ ಖುಷಿಗೆ ಅವನ ಬೆನ್ನ ಮೇಲೊಂದು ಗುದ್ದು ಕೊಟ್ಟರು. ಅವರ ಮಗಳು, ಅಂದರೆ ಮೆಲ್ಲಣ್ಣನ ಹೆಂಡತಿ, ಕಾಗದ, ಪೆನ್ನು ಹಿಡಿದು ಕೂತು ಲೆಕ್ಕ ಹಾಕಿದಳು: ಸುತ್ತಿಗೆ ಆರು ನಿಮಿಷ ಅಂದರೆ ಆರು ಸುತ್ತಿಗೆ ಮೂವತ್ತಾರು; ನಾಲ್ಕು ನಿಮಿಷ ಉಳಿಯುತ್ತದೆ. ರೇಸು ಶುರುವಾಗುವುದು ಹನ್ನೆರಡು ಇಪ್ಪತ್ತಕ್ಕೆ, ಮುಗಿಯುವುದು ಒಂದಕ್ಕೆ. ಊಟದ ಡಬ್ಬಿಯನ್ನು ಗೆರೆಯ ಹತ್ತಿರವೇ ತರುತ್ತೇನೆ, ಒಂದು ಗಂಟೆಗೆ ತೆರೆಯುತ್ತೇನೆ ಎಂದಳು. ಅದು ಆಹ್ವಾನವಲ್ಲ, ಎಚ್ಚರಿಕೆ ಎಂದು ಮೆಲ್ಲಣ್ಣನಿಗೆ ಅರ್ಥವಾಯಿತು.

ರೇಸಿನ ದಿನ ಎಂಟು ಕಾರು ಬಂದಿದ್ದವು. ಸಂಘದ ಕಾರ್ಯದರ್ಶಿ ಊರಿನ ಹಲ್ಲಿನ ಡಾಕ್ಟರು, ಕುತ್ತಿಗೆಗೆ ಸ್ಟಾಪ್‌ವಾಚು, ಕೈಯಲ್ಲಿ ನಿಯಮದ ಪುಸ್ತಕ. ಅವರು ಬಾಯಿ ಪರೀಕ್ಷಿಸುವ ಹಾಗೆಯೇ ಒಂದೊಂದು ಕಾರಿನ ಬಾನೆಟ್ಟು ತೆರೆಸಿ, ಟಾರ್ಚು ಬಿಟ್ಟು ನೋಡುತ್ತಾ ಬಂದರು. ಕೆಂಪು ಕಾರಿನ ಮುಂದೆ ನಿಂತು ತಲೆಯಾಡಿಸಿದರು.

"ಕನ್ನಡಿ ಇಲ್ಲ."

"ನಂಗೆ ಹಿಂದೆ ಯಾರಿದ್ರೇನು? ಮುಂದಿರೋರ ಮೇಲೆ ಕಣ್ಣು," ಎಂದರು ಅತ್ತೆ.

"ಏಳನೇ ನಿಯಮ. ಕನ್ನಡಿ ಇಲ್ಲದ ಕಾರನ್ನ ಬಿಡೋ ಹಾಗಿಲ್ಲ ಅಮ್ಮ."

ಅತ್ತೆ ಮೂಗು ಮುರಿದು, ಗೊಣಗುತ್ತಾ, ಚೀಲದಿಂದ ಕನ್ನಡಿ ತೆಗೆದುಕೊಟ್ಟರು. ಡಾಕ್ಟರು ಅದನ್ನು ಕೃತಕ ಹಲ್ಲು ಕೂಡಿಸುವಷ್ಟು ಶ್ರದ್ಧೆಯಿಂದ ತಾವೇ ಕೂಡಿಸಿದರು. ಮೆಲ್ಲಣ್ಣ ಅತ್ತ ನೋಡದೆ ಆಕಾಶ ನೋಡಿದ.

ಬಾವುಟ ಬಿತ್ತು. ಮೊದಲ ಮೂರು ಸುತ್ತು ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಅತ್ತೆ ಗೆರೆಯ ಕಡೆ ಹೋಗುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೊನೆಯ ಸಲಕ್ಕೆ ಮೊದಲು ನೋಡುವುದಿಲ್ಲ ಎಂದು ಹಟ. ಒಂದು ಕಾರು ಹೊಗೆ ಕಾರಿ ಹುಲ್ಲಿಗೆ ಹೋಯಿತು. ಕನ್ನಡಕದಂಗಡಿಯವನ ಹಸಿರು ಕಾರು ತಿರುವನ್ನೇ ಕಾಣದೆ ನೇರ ಹೋಗಿ ಬೇಲಿಗೆ ಸಿಕ್ಕಿಕೊಂಡಿತು. ಉಳಿದವರು ಗೇರು ತಪ್ಪಿಸಿಕೊಂಡು ಒದ್ದಾಡುತ್ತಿದ್ದರೆ, ಮೂರು ತಿಂಗಳು ಊರುಗೋಲಿನ ಪೆಟ್ಟು ತಿಂದ ಕೆಂಪು ಕಾರು ಒಂದೇ ಸಮನೆ ಹಾಡುತ್ತಾ ಎಲ್ಲರಿಗಿಂತ ಮುಂದೆ ಬಂದಿತ್ತು.

ಕೆಟ್ಟದ್ದು ಅಲ್ಲೇ. ಮುಂದೆ ಯಾರೂ ಇಲ್ಲದಾಗ ಮೆಲ್ಲಣ್ಣನ ಕಣ್ಣಿಗೆ ಕೆಲಸವಿಲ್ಲದಾಯಿತು, ಅದು ಕನ್ನಡಿಗೆ ಹೋಯಿತು. ಕನ್ನಡಿಯಲ್ಲಿ ಐದು ಕಾರುಗಳು ದೂರದಲ್ಲಿ, ಚಿಕ್ಕದಾಗಿ, ಪಾಪ, ಹಿಂದುಳಿದಿದ್ದವು. ಕಾಲು ಮೇಲೆದ್ದಿತು.

"ಏನಾಯ್ತು?" ಅತ್ತೆ ಕೇಳಿದರು.

"ಅವರು ಬಂದು ಸೇರ್ಕೊಳ್ಲಿ ಅತ್ತೆ. ಪಾಪ."

"ಪಾಪಾನಾ? ಅವರು ನಮ್ಮ ಎದುರಾಳಿಗಳು ಕಣೋ."

ಅವರು ಬಂದು ಸೇರಿಕೊಂಡರು. ಸೇರಿಕೊಂಡವರು ಹಾರನ್ ಹೊಡೆದು ಮುಂದೆ ಹೋಗಬಹುದಿತ್ತಲ್ಲ, ಹೋಗಲಿಲ್ಲ. ಎಲ್ಲಕ್ಕಿಂತ ಮುಂದಿದ್ದದ್ದು ಬೇಕರಿಯವರ ನೀಲಿ ಕಾರು. ಬೇಕರಿಯವರು ಹಾರನ್ನಿನ ಮೇಲೆ ಕೈಯಿಟ್ಟರು, ಮುಂದೆ ನೋಡಿದರು: ಮೆಲ್ಲಣ್ಣನ ಅದೇ ಬಾಗಿದ ಬೆನ್ನು, ಅದೇ ನೆಟ್ಟಗಿನ ಕುತ್ತಿಗೆ. ತಂದೆ ಹೋದಾಗ, ವ್ಯಾನಿನ ಗಾಜಿನಾಚೆ ಕಾಣುತ್ತಿದ್ದ ಈ ಬೆನ್ನಿನ ಹಿಂದೆ ಅವರು ಎರಡು ಮೈಲಿ ನಡೆದಿದ್ದರು. ಕೈ ಹಾರನ್ನಿನಿಂದ ಇಳಿಯಿತು. ಅವರ ಹಿಂದಿನವನಿಗೆ ಚಿಕ್ಕಪ್ಪ ನೆನಪಾದರು, ಅವನ ಹಿಂದಿನವನಿಗೆ ಅಜ್ಜಿ. ಈ ಬೆನ್ನನ್ನು ಹಿಂದೆ ಹಾಕಿ ಹೋಗುವುದು ಆ ಊರಿನ ಯಾರ ಕೈಯಲ್ಲೂ ಆಗುವ ಕೆಲಸವಾಗಿರಲಿಲ್ಲ. ಹೀಗೆ ನಾಲ್ಕನೆಯ ಸುತ್ತಿನಲ್ಲಿ ಆರು ಸ್ಪೋರ್ಟ್ಸ್ ಕಾರುಗಳು ಒಂದರ ಹಿಂದೊಂದು, ಸಮನಾದ ಅಂತರದಲ್ಲಿ, ಎಂಜಿನ್ ಸದ್ದು ತಗ್ಗಿಸಿಕೊಂಡು ಸಾಗಿದವು. ಪ್ರೇಕ್ಷಕರಲ್ಲಿ ಯಾರೋ ಒಬ್ಬರು ಎದ್ದು ನಿಂತರು. ಅವರನ್ನು ನೋಡಿ ಎಲ್ಲರೂ ಎದ್ದರು. ಐಸ್‌ಕ್ರೀಮ್ ತಿನ್ನುತ್ತಿದ್ದವರು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟರು.

ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಕನ್ನಡಿಗೆ ಸ್ಕಾರ್ಫು ಹೊದಿಸಿದರು. ಮೆಲ್ಲಣ್ಣ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದ. ಬೈದರು, ಅವನು ಹೂಂ ಹೂಂ ಎನ್ನುತ್ತಾ ಇನ್ನೂ ಮೆತ್ತಗಾದ. ತೊಡೆ ಚಿವುಟಿದರು, ಕಣ್ಣಲ್ಲಿ ನೀರು ಬಂತೇ ಹೊರತು ಸ್ಪೀಡು ಬರಲಿಲ್ಲ. ಐದನೆಯ ಸುತ್ತು ಮುಗಿಯುವಾಗ ಡಾಕ್ಟರು ದಾರಿಯ ಪಕ್ಕದಲ್ಲಿ ನಿಂತು ಗಡಿಯಾರ ಎತ್ತಿ ತೋರಿಸಿದರು. ಮೂವತ್ತಾರು ನಿಮಿಷ ಆಗಿತ್ತು. ಇನ್ನೂ ಒಂದಿಡೀ ಸುತ್ತು ಬಾಕಿ.

"ಅತ್ತೆ, ನನ್ನ ಕೈಲಿ ಆಗ್ತಿಲ್ಲ," ಎಂದ ಮೆಲ್ಲಣ್ಣ. "ಹಿಂದೆ ಜನ ಬರ್ತಿದಾರೆ, ಪಕ್ಕದಲ್ಲಿ ನೀವಿದೀರ. ಹೀಗಿದ್ರೆ ಕಾಲು ಒತ್ತೋದೇ ಇಲ್ಲ. ನಾನೇನು ಬೇಕಂತ ಮಾಡ್ತಿಲ್ಲ."

ಅತ್ತೆ ಅವನ ಮುಖ ನೋಡಿದರು. ಪ್ರಾಮಾಣಿಕ ಮುಖ, ಬೆವರಿ ಹೋಗಿತ್ತು. ಆಗ ಅವರಿಗೆ ಮಧ್ಯಾಹ್ನದ ಖಾಲಿ ವ್ಯಾನು ನೆನಪಾಯಿತು.

"ಸರಿ ಬಿಡು," ಎಂದರು, ಎಂದೂ ಇಲ್ಲದ ಸೌಮ್ಯ ದನಿಯಲ್ಲಿ. "ನನ್ನ ಇಳಿಸಿ ಆಯ್ತು ಅಂತ ತಿಳ್ಕೋ. ಕೆಲಸ ಮುಗೀತು. ಗಾಡಿ ಖಾಲಿ. ಟೈಮೆಷ್ಟು ನೋಡು."

ಹಾಗೆನ್ನುತ್ತಾ ಸೀಟಿನಿಂದ ಜಾರಿ, ಕಾಲಿಡುವ ಜಾಗದೊಳಗೆ ಮುದುಡಿ ಕೂತು, ಮಳೆಗೆ ಹೊದಿಸುವ ಕ್ಯಾನ್ವಾಸನ್ನು ತಲೆಯ ಮೇಲೆ ಎಳೆದುಕೊಂಡರು.

ಮೆಲ್ಲಣ್ಣ ಪಕ್ಕಕ್ಕೆ ನೋಡಿದ. ಸೀಟು ಖಾಲಿ. ವಾಚು ನೋಡಿದ. ಹನ್ನೆರಡು ಐವತ್ತಾರು. ದೂರದಲ್ಲಿ, ಗೆರೆಯ ಬದಿಯಲ್ಲಿ, ಹೆಂಡತಿ ಸ್ಟೂಲಿನ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ತನ್ನ ವಾಚು ನೋಡುತ್ತಿದ್ದಳು.

ಆಮೇಲೆ ನಡೆದದ್ದನ್ನು ಆ ಊರಿನವರು ಇವತ್ತಿಗೂ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕೆಂಪು ಕಾರು ಚಿಮ್ಮಿತು. ಮುಳ್ಳು ಎಪ್ಪತ್ತು ಮುಟ್ಟಿ ಮುಂದೆ ಅಂಕಿ ಇಲ್ಲದ ಕಡೆ ಹೋಗಿ ನಿಂತಿತು. ತಿರುವುಗಳಲ್ಲಿ ಹಿಂದಿನ ಚಕ್ರಗಳು ಹುಲ್ಲು ಕಿತ್ತವು. ಹಿಂದಿದ್ದ ಐದು ಕಾರಿನವರಿಗೂ, ಎಲ್ಲ ಮುಗಿದ ಮೇಲೆ ಸ್ಮಶಾನದಿಂದ ಮನೆಗೆ ಓಡುವ ಅಭ್ಯಾಸವಿದ್ದದ್ದರಿಂದ, ಬಿಡುಗಡೆ ಸಿಕ್ಕಂತಾಗಿ ಅವರೂ ಬೆನ್ನು ಬಿದ್ದರು. ಕ್ಯಾನ್ವಾಸಿನ ಕೆಳಗಿಂದ "ಊಟ ಆರ್ತಿದೆ, ಊಟ ಆರ್ತಿದೆ" ಎಂಬ ದನಿ ಬರುತ್ತಿತ್ತು. ಮೆಲ್ಲಣ್ಣನಿಗೆ ಅದು ತನ್ನ ಹೊಟ್ಟೆಯದೇ ದನಿ ಅನ್ನಿಸಿತು.

ಡಾಕ್ಟರು ಬಾವುಟ ಬೀಸಿದಾಗ ಸ್ಟಾಪ್‌ವಾಚಿನಲ್ಲಿ ಮೂವತ್ತೊಂಬತ್ತು ನಿಮಿಷ ಮೂವತ್ತೊಂದು ಸೆಕೆಂಡು. ಮೊದಲನೆಯವನು ಮೆಲ್ಲಣ್ಣ. ಅವನು ಗೆರೆಯಿಂದಾಚೆ ಬ್ರೇಕು ಹಾಕಿ ಪಕ್ಕಕ್ಕೆ ನಿಲ್ಲಿಸುವಷ್ಟರಲ್ಲಿ ನೀಲಿ ಕಾರು, ಅದರ ಹಿಂದೆ ಉಳಿದವು, ಎಲ್ಲವೂ ದಾಟಿ ಬಂದವು. ಜನ ಕೂಗಿದರು. ಟೀಚರು ಡಬ್ಬಿಯ ಮುಚ್ಚಳಕ್ಕೆ ಕೈಯಿಟ್ಟಳು.

ಕ್ಯಾನ್ವಾಸು ಸರಿಯಿತು. ಅತ್ತೆಯ ತಲೆ ಹೊರಬಂತು, ಕನ್ನಡಕ ಓರೆಯಾಗಿ, ಗಲ್ಲಕ್ಕೆ ಗ್ರೀಸು. ಕೈಯಲ್ಲಿ ಹದಿನಾಲ್ಕನೇ ನಂಬರಿನ ಸ್ಪ್ಯಾನರ್.

"ಸೀಟಿನ ಕೆಳಗೇ ಇತ್ತು," ಎಂದರು. ಆಮೇಲೆ ಹಿಂದೆ ತಿರುಗಿ ನೋಡಿದರು. ಗೆರೆ ಅಲ್ಲಿ ಹಿಂದೆ, ಬಿಸಿಲಲ್ಲಿ ಬಿದ್ದಿತ್ತು.

"ಆಯ್ತಾ?"

"ಆಯ್ತು ಅತ್ತೆ. ಗೆದ್ವಿ."

"ಹೌದಾ," ಎಂದರು ಅತ್ತೆ. "ಒಳ್ಳೇದಾಯ್ತು." ಸ್ಪ್ಯಾನರಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಕೆರೆಯತೊಡಗಿದರು.

ಅತ್ತೆ ಬೈದಿದ್ದರೆ ಮೆಲ್ಲಣ್ಣ ಸಹಿಸಿಕೊಳ್ಳುತ್ತಿದ್ದ. ಅವರು ಮಣ್ಣು ಕೆರೆಯುತ್ತಾ ಕೂತದ್ದನ್ನು ಅವನಿಂದ ನೋಡಲಾಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ತಾನು ಕರೆದುಕೊಂಡು ಹೋದ ಒಬ್ಬರೂ ದಾರಿ ನೋಡಿರಲಿಲ್ಲ. ಬದುಕಿದ್ದು ಪಕ್ಕದಲ್ಲಿ ಕೂತವರು ಇವರೊಬ್ಬರೇ, ಇವರನ್ನೂ ಬಟ್ಟೆ ಹೊದಿಸಿಯೇ ದಾಟಿಸಿಬಿಟ್ಟೆನಲ್ಲ ಎಂದು ಅವನಿಗೆ ತುಂಬಾ ನೋವಾಯಿತು.

ಅವನು ರಿವರ್ಸ್ ಗೇರು ಹಾಕಿದ.

"ರೀ, ಒಂದು ಗಂಟೆ," ಎಂದಳು ಟೀಚರು.

"ತಟ್ಟೆ ಎತ್ತಿಡು," ಎಂದ ಮೆಲ್ಲಣ್ಣ. ಮದುವೆಯಾದಂದಿನಿಂದ ಅವನು ಆ ಮಾತು ಆಡಿದ್ದು ಅದೇ ಮೊದಲು. ಅವಳು ಮುಚ್ಚಳದಿಂದ ಕೈತೆಗೆದು ಎದ್ದು ನಿಂತಳು.

ಕಾರು ಹಿಂದಕ್ಕೆ ಹೋಯಿತು. ಗೆರೆ ದಾಟಿ, ಇನ್ನೂ ಐವತ್ತು ಹೆಜ್ಜೆ ಹಿಂದೆ, ಹಿಂದೊಮ್ಮೆ ಮಾವ ಜಗಳಕ್ಕಿಳಿದ ಜಾಗದವರೆಗೆ. ಹಿಂದಕ್ಕೆ ಹೋಗಬಾರದೆಂದು ನಿಯಮದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ, ಯಾಕೆಂದರೆ ಅಂಥದ್ದು ಯಾರಿಗೂ ಹೊಳೆದಿರಲಿಲ್ಲ. ಡಾಕ್ಟರು ಪುಟ ತಿರುವಿ ತಿರುವಿ ನೋಡುತ್ತಿದ್ದರು.

"ಅತ್ತೆ, ಮೇಲೆ ಕೂತ್ಕೊಳ್ಳಿ. ಕನ್ನಡಕ ಸರಿಮಾಡ್ಕೊಳ್ಳಿ."

ಅತ್ತೆ ಸೀಟಿಗೆ ಹತ್ತಿ, ಕೆಳಗೆ ಕ್ಯಾನ್ವಾಸು ಮಡಚಿ ಹಾಕಿಕೊಂಡು ಎತ್ತರವಾಗಿ ಕೂತರು. ಮೆಲ್ಲಣ್ಣ ಒಂದನೇ ಗೇರು ಹಾಕಿದ. ಈಗ ಅವನು ತನಗೆ ಬರುವ ಕೆಲಸ ಮಾಡುತ್ತಿದ್ದ, ಆ ಊರಿನಲ್ಲಿ ಅವನಷ್ಟು ಚೆನ್ನಾಗಿ ಅದನ್ನು ಯಾರೂ ಮಾಡಲಾರರು. ಕಾರು ಒಂದಿಷ್ಟೂ ಕುಲುಕದೆ ಮುಂದೆ ಬಂತು. ಐದೂ ಕಾರಿನವರು ಇಳಿದು, ಕೈಕಟ್ಟಿ, ಸಾಲಾಗಿ ನಿಂತಿದ್ದರು. ಯಾರೂ ನಗಲಿಲ್ಲ. ಗೆರೆ ಹತ್ತಿರವಾಯಿತು, ಸುಣ್ಣದ ಪುಡಿಯಲ್ಲಿ ಟೈರಿನ ಗುರುತುಗಳೂ ಕಾಣುವಷ್ಟು ಹತ್ತಿರ. ಅತ್ತೆ ಒಂದು ಕೈಯಲ್ಲಿ ಅಳಿಯನ ತೋಳು ಹಿಡಿದುಕೊಂಡು ಬಾಗಿಲಿನ ಆಚೆ ಬಗ್ಗಿದರು.

"ನಿಧಾನ," ಎಂದರು. "ಇನ್ನೂ ಸ್ವಲ್ಪ ನಿಧಾನ."

ಗೆರೆ ಬಾನೆಟ್ಟಿನ ಕೆಳಗೆ ಹೋಯಿತು, ಅತ್ತೆಯ ಕಣ್ಣ ಕೆಳಗೆ ಹಾದು ಹಿಂದಿನ ಚಕ್ರಕ್ಕೆ ಸಿಕ್ಕಿತು. ಅವರು ಅದು ಪೂರ್ತಿ ದಾಟುವವರೆಗೂ ರೆಪ್ಪೆ ಬಡಿಯದೆ ನೋಡಿದರು. ಆಮೇಲೆ ದೊಡ್ಡ ಕನ್ನಡಕವನ್ನು ತೆಗೆದು ಕಣ್ಣೊರೆಸಿಕೊಂಡರು.

ಡಾಕ್ಟರು ಪುಸ್ತಕ ಹಿಡಿದು ಬಂದರು.

"ಅಮ್ಮ, ಎರಡು ಸಲ ದಾಟಿದೀರಿ. ಯಾವುದಾದ್ರೂ ಒಂದೇ ಬರೀಬಹುದು. ಮೊದಲನೇದಾದ್ರೆ ಕಪ್ಪು ನಿಮ್ಮದು. ಎರಡನೇದು ನಲವತ್ತಮೂರು ನಿಮಿಷ, ಲೆಕ್ಕಕ್ಕೇ ಬರಲ್ಲ."

"ಎರಡನೇದೇ ಬರಿ," ಎಂದರು ಅತ್ತೆ. "ಮೊದಲನೇದರಲ್ಲಿ ನಾನಿರ್ಲಿಲ್ಲ."